ನೀರು ಸೋಕದ ನಾಟಕ ಸಂಪುಟ

ಶೇಡಬಾಳ
12-8-2007

ಜಾಫರಸಾಬರಿಗೆ,

ಶೇಡಬಾಳದ ಜಿನ್ನಪ್ಪನ ನಮಸ್ಕಾರ. ಹೆಸರು ನೋಡಿದ ಕೂಡಲೇ ಕಾಗದ ಹರಿಯಬೇಡಿ. ಪೂರ್ತಿ ಓದಿ, ಆಮೇಲೆ ನಿಮ್ಮ ಮನಸ್ಸಿಗೆ ಬಂದಂತೆ ಮಾಡಿ. ಇಪ್ಪತ್ತಾರು ವರ್ಷ ನಾವಿಬ್ಬರೂ ಮಾತಾಡಿಲ್ಲ. ಒಮ್ಮೆ ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ನೀವು ನನ್ನನ್ನು ಕಂಡು ಕಂಬದ ಆಚೆ ಹೋಗಿ ನಿಂತಿರಿ. ನಾನೂ ಕರೆಯಲಿಲ್ಲ. ಕರೆಯುವ ಮುಖ ನನಗಿರಲಿಲ್ಲ.

ಹೋದ ವಾರ ಒಂದು ಮದುವೆಗೆಂದು ನಿಮ್ಮ ನಿಪ್ಪಾಣಿಗೆ ಬಂದಿದ್ದೆ. ಊಟ ಮುಗಿಸಿ ಬಸ್ಸಿಗೆ ಕಾಯುತ್ತ, ರಸ್ತೆ ಬದಿಯಲ್ಲಿ ಹಳೆಯ ಪುಸ್ತಕ ಹರವಿಕೊಂಡು ಕೂತವನ ಹತ್ತಿರ ನಿಂತೆ. ಗೈಡುಗಳು, ಪಂಚಾಂಗಗಳು, ಮರಾಠಿ ಕಾದಂಬರಿಗಳು. ಅವುಗಳ ಕೆಳಗೆ ಒಂದು ದಪ್ಪ ಪುಸ್ತಕದ ಬೆನ್ನು ಕಂಡಿತು. ಕೆಂಪು ಬಟ್ಟೆ ಹಚ್ಚಿ, ಒತ್ತೊತ್ತಾಗಿ ಕೈಹೊಲಿಗೆ ಹಾಕಿದ ಬೆನ್ನು. ಆ ಹೊಲಿಗೆ ನಿಮ್ಮದು. ನಮ್ಮ ಸಂಘದ ನಾಟಕ ಸಂಪುಟ ಅದು. ಮೊದಲು ಸಂಸ್ಕೃತದ ಹಳೆಯ ನಾಟಕಗಳು, ನಡುವೆ ಪರದೇಶದವು, ಕೊನೆಗೆ ನಮ್ಮ ಕಾಲದ ನಾಟಕಗಳು. ಒಟ್ಟು ಹದಿನಾಲ್ಕು. ಮೊದಲ ಪುಟದಲ್ಲಿ 'ಕೃಷ್ಣಾತೀರ ನಾಟ್ಯ ಸಂಘ, ಶೇಡಬಾಳ' ಎಂಬ ಶಿಕ್ಕಾ ಇನ್ನೂ ನಿಚ್ಚಳವಾಗಿದೆ.

ನಮ್ಮ ಸಂಘದ ಭರಮು ಹೊಳೆಯ ಪಾಲಾದ ದಿನ ಈ ಪುಸ್ತಕ ಅವನ ಕೈಯಲ್ಲಿತ್ತು. ಅವನ ಚಪ್ಪಲಿ ಮತ್ತು ನಿಲುವಂಗಿ ಜುಗೂಳದ ಮೆಟ್ಟಿಲ ಮೇಲೆ ಸಿಕ್ಕವು. ಪುಸ್ತಕ ಸಿಗಲಿಲ್ಲ. ಅವನ ಹಾಗೆಯೇ ಅದೂ ನೀರಿನ ತಳದಲ್ಲಿದೆ ಎಂದು ನಾನು ನಂಬಿದ್ದೆ. ಈಗ ಅದು ನನ್ನ ಮೇಜಿನ ಮೇಲಿದೆ. ಒಂದೊಂದೇ ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಎಲ್ಲಿಯೂ ನೀರಿನ ಕಲೆ ಇಲ್ಲ.

ಇಷ್ಟೇ ಆಗಿದ್ದರೆ ನಿಮಗೆ ಬರೆಯುತ್ತಿರಲಿಲ್ಲ. ಪುಟಗಳ ಅಂಚಿನಲ್ಲಿ ಪೆನ್ಸಿಲಿನ ಬರಹವಿದೆ. ಯಾರು ಎಲ್ಲಿ ನಿಲ್ಲಬೇಕು, ದೀಪ ಯಾವಾಗ ತಗ್ಗಬೇಕು, ಯಾರು ಯಾವ ಪಾತ್ರ. ಜೊತೆಗೆ ಇಸವಿಗಳು: 1986, 1991, 2003. ಭರಮುವಿನ 'ಕ' ಅಕ್ಷರ ನಿಮಗೆ ನೆನಪಿರಬೇಕು. ನಡುಗೆರೆಯನ್ನು ಎರಡೂ ಕಡೆ ಉದ್ದಕ್ಕೆ ಎಳೆಯುತ್ತಿದ್ದ. ಈ ಬರಹದಲ್ಲಿ ಎಲ್ಲ 'ಕ'ಗಳೂ ಹಾಗೆಯೇ ಇವೆ.

1981ರಲ್ಲಿ ಸತ್ತವನು 2003ರಲ್ಲಿ ಬರೆದದ್ದು ಹೇಗೆ? ನೀವು ಅವನ ಜೀವದ ಗೆಳೆಯ. ನಿಮಗೆ ಏನಾದರೂ ಗೊತ್ತಿದ್ದರೆ ತಿಳಿಸಿ. ಫೋನಿನಲ್ಲಿ ಕೇಳುವ ಮಾತಲ್ಲ ಎಂದು ಬರೆಯುತ್ತಿದ್ದೇನೆ.

ಇತಿ,
ಜಿನ್ನಪ್ಪ


ನಿಪ್ಪಾಣಿ
2-9-2007

ಜಿನ್ನಪ್ಪ ಮಾಸ್ತರರಿಗೆ,

ಜಾಫರಸಾಬನ ಸಲಾಮ. ಕಾಗದ ತಲುಪಿತು. ಮಗ ಸಾದಿಕನ ಕೈಯಲ್ಲಿ ಹೊಲಿಗೆ ಅಂಗಡಿ ಬಿಟ್ಟಿದ್ದೇನೆ, ನನಗೆ ಈಗ ಸೂಜಿಯ ಕಣ್ಣು ಕಾಣುವುದಿಲ್ಲ. ಉತ್ತರ ತಡವಾದದ್ದಕ್ಕೆ ಅದೇ ಕಾರಣ ಎಂದು ತಿಳಿಯಿರಿ.

ಪುಸ್ತಕದ ಸಂಗತಿ ನನಗೆ ಗೊತ್ತಿಲ್ಲ. ದಂಡೆಯ ಮೇಲೆ ಬಿದ್ದದ್ದನ್ನು ಯಾರೋ ಎತ್ತಿಕೊಂಡು ಹೋಗಿರಬಹುದು. ಅವರೇ ನಾಟಕ ಆಡಿರಬಹುದು. ಅಕ್ಷರ ಒಬ್ಬರದು ಒಬ್ಬರ ಹಾಗೆ ಇರುತ್ತದೆ. ಸತ್ತವರನ್ನು ಎಬ್ಬಿಸಬೇಡಿ ಮಾಸ್ತರೇ. ಪುಸ್ತಕ ನಿಮಗೆ ಭಾರವಾದರೆ ನನಗೆ ಕಳಿಸಿಬಿಡಿ.

ಒಂದು ಕೇಳುತ್ತೇನೆ. 2003ರ ನಂತರ ಅದರಲ್ಲಿ ಏನೂ ಬರೆದಿಲ್ಲವೇ?

ಜಾಫರಸಾಬ


ಶೇಡಬಾಳ
9-9-2007

ಜಾಫರಸಾಬರಿಗೆ,

ಯಾರೋ ಎತ್ತಿಕೊಂಡು ಹೋಗಿದ್ದಾರೆ ಎಂದು ಬರೆದಿರಿ. ಅದೇ ಕಾಗದದಲ್ಲಿ 2003ರ ನಂತರ ಏನಿದೆ ಎಂದೂ ಕೇಳಿದಿರಿ. ಯಾರದೋ ಪುಸ್ತಕವಾಗಿದ್ದರೆ ನೀವು ಅದನ್ನು ಕೇಳುತ್ತಿರಲಿಲ್ಲ.

ನಾನು ಒಮ್ಮೆಯೂ ಬಾಯಿಬಿಟ್ಟು ಹೇಳದ್ದನ್ನು ಈಗ ಬರೆಯುತ್ತೇನೆ. ಅದಿಲ್ಲದೆ ನಿಮ್ಮಿಂದ ಸತ್ಯ ಕೇಳುವ ಹಕ್ಕು ನನಗಿಲ್ಲ.

1981ರ ಫೆಬ್ರುವರಿ ಇಪ್ಪತ್ತೆರಡು, ಭಾನುವಾರ. ಅಥಣಿಯ ಸ್ಪರ್ಧೆ. ನಮ್ಮ ನಾಟಕಕ್ಕೆ ಮಧ್ಯಾಹ್ನ ಮೂರು ಗಂಟೆಯ ಸಮಯ ಕೊಟ್ಟಿದ್ದರು. ನ್ಯಾಯಾಧೀಶನ ಪಾತ್ರ ಮಲಕಾರಿಯದು. ಅವನು ನಾಲ್ಕು ದಿನ ಮೊದಲು ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡ. ಆ ಪಾತ್ರ ನನಗೆ ಬರುತ್ತದೆ ಎಂದು ನಾನು ತಿಳಿದಿದ್ದೆ. ಸಂಘದವರು ಭರಮುಗೆ ಕೊಟ್ಟರು. ಅವನು ಐದು ವರ್ಷ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತು ಎಲ್ಲರಿಗೂ ಮಾತು ಎತ್ತಿಕೊಟ್ಟವನು. ಎಲ್ಲರ ಮಾತೂ ಅವನಿಗೆ ಬಾಯಿಪಾಠ. ಅವನ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು.

ಮೂರನೆಯ ದೃಶ್ಯ. ಕಟಕಟೆಯಲ್ಲಿ ನ್ಯಾಯಾಧೀಶನ ಮಗನೇ ನಿಂತಿದ್ದಾನೆ. ವಕೀಲ ನ್ಯಾಯಾಧೀಶನನ್ನು ಕೇಳುತ್ತಾನೆ: "ಈ ಹುಡುಗನನ್ನು ತಾವು ಬಲ್ಲಿರಾ?" ಭರಮು "ಬಲ್ಲೆ" ಎನ್ನಬೇಕು. ಅಲ್ಲಿಂದ ಆ ದೊಡ್ಡ ಮಾತು ಶುರುವಾಗುತ್ತದೆ. ಅವನಿಗೆ ಆ ಒಂದು ಶಬ್ದ ಮರೆತುಹೋಯಿತು. ಕೈಯಲ್ಲಿ ಪುಸ್ತಕವಿಲ್ಲದೆ ಅವನು ರಂಗದ ಮೇಲೆ ನಿಂತದ್ದು ಅದೇ ಮೊದಲು. ಅವನು ನನ್ನ ಕಡೆ ತಿರುಗಿದ.

ನನಗೆ ಸಾಲು ಕಾಣುತ್ತಿತ್ತು. ನಾನು ಹೇಳಲಿಲ್ಲ.

ಒಂದು ಗಳಿಗೆ ಒದ್ದಾಡಲಿ ಎಂದುಕೊಂಡೆ, ಅಷ್ಟೇ. ಅವನನ್ನು ಕೆಡಿಸಬೇಕೆಂದು ಇರಲಿಲ್ಲ, ನಂಬಿದರೆ ನಂಬಿ. ಆದರೆ ಆ ಗಳಿಗೆ ಉದ್ದವಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಸೀಟಿ ಹೊಡೆದರು. ಆಮೇಲೆ ನಾನು ಹೇಳಿದ್ದು ಆ ಗದ್ದಲದಲ್ಲಿ ನನಗೇ ಕೇಳಿಸಲಿಲ್ಲ. ಪರದೆ ಎಳೆದರು. ಭರಮು ನನ್ನ ಹತ್ತಿರ ಬಂದು "ಪುಸ್ತಕಾ ಕೊಡೋ ಜಿನ್ನು" ಎಂದ. ಕೊಟ್ಟೆ. ನ್ಯಾಯಾಧೀಶನ ನಿಲುವಂಗಿಯಲ್ಲಿಯೇ ಹೊರಗೆ ಹೋದ. ಮರುದಿನ ಮಧ್ಯಾಹ್ನ ಜುಗೂಳದಿಂದ ಸುದ್ದಿ ಬಂತು. ಎರಡು ದಿನ ಬಲೆ ಹಾಕಿ ಹುಡುಕಿದೆವು. ಹೊಳೆಯ ದಂಡೆಯಲ್ಲಿ ಬೆಳೆದವನು, ಈಸು ಬಲ್ಲವನು ಹೇಗೆ ಮುಳುಗಿದ ಎಂದು ಜನ ಮಾತಾಡಿಕೊಂಡರು. ಮುಳುಗಲೇಬೇಕೆಂದು ಹೋದವನಿಗೆ ಈಸು ಬಂದರೇನು ಎಂದು ನಾನು ಒಳಗೊಳಗೇ ಅಂದುಕೊಂಡೆ.

ಅವತ್ತಿನಿಂದ ನಾನು ನಾಟಕ ನೋಡಿಲ್ಲ. ಮಾಸ್ತರಿಕೆಯಲ್ಲಿ ಒಂದು ಚಟ ಹತ್ತಿತು. ಉತ್ತರ ಮರೆತು ಮಗು ಎದ್ದು ನಿಂತರೆ ನಾನೇ ಹೇಳಿಬಿಡುತ್ತಿದ್ದೆ. ತಪಾಸಣೆಗೆ ಬಂದ ಸಾಹೇಬರು ಅದಕ್ಕಾಗಿ ಎರಡು ಸಲ ಬೈದರು.

ಈಗ ಆ ಪುಟ ನೋಡಿದ್ದೇನೆ. "ಬಲ್ಲಿರಾ" ಎಂಬ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಹೀಗಿದೆ: "ಇಲ್ಲಿ ತಡೆ. ಮನಸ್ಸಿನಲ್ಲಿ ಹತ್ತು ಎಣಿಸು. ಜನ ಉಸಿರು ಹಿಡಿಯುತ್ತಾರೆ. ಆಮೇಲೆ ಹೇಳು. ಇವತ್ತು ಮುಂದಿನ ಸಾಲಿನವರು ಅತ್ತರು. 1986."

ಇದನ್ನು ಬೇರೆ ಯಾರೂ ಬರೆಯಲಾರರು. ಆ ಮೌನವನ್ನು ಅನುಭವಿಸಿದವನೇ ಬರೆಯಬೇಕು. ಅವನು ಬದುಕಿದ್ದನೇ?

ಜಿನ್ನಪ್ಪ


ಶೇಡಬಾಳ
4-11-2007

ಜಾಫರಸಾಬರಿಗೆ,

ಎರಡು ತಿಂಗಳಾಯಿತು. ಉತ್ತರವಿಲ್ಲ.

ಅಥಣಿಯ ಆ ದಿನದಿಂದಲೂ ನನಗೆ ಮಧ್ಯಾಹ್ನ ಮೂರು ಗಂಟೆಯೆಂದರೆ ಅಂಜಿಕೆ. ಈ ಪುಸ್ತಕ ಮನೆಗೆ ಬಂದಾಗಿನಿಂದ ಅದು ಹೆಚ್ಚಿದೆ. ಊರೆಲ್ಲ ಬಿಸಿಲಿಗೆ ಸುಮ್ಮನಿರುತ್ತದೆ. ಪಡಸಾಲೆಯಲ್ಲಿ ಕೂತಿರುತ್ತೇನೆ. ಬಾಗಿಲ ಬಳಿ ಯಾರೋ ಬಂದು ನಿಂತು, ನಾನು ಏನಾದರೂ ಹೇಳಲೆಂದು ಕಾಯುತ್ತಿದ್ದಾರೆ ಅನಿಸುತ್ತದೆ. ಕಣ್ಣೆತ್ತಿದರೆ ಬರೀ ಬಿಸಿಲು. ಮನೆಯವಳು "ಯಾರ ಕೂಡ ಮಾತಾಡಾಕತ್ತೀರಿ?" ಎಂದು ಒಳಗಿನಿಂದ ಕೇಳುತ್ತಾಳೆ. ನಾನು ಮಾತಾಡಿರುವುದು ನನಗೆ ಗೊತ್ತಿರುವುದಿಲ್ಲ.

ಕೊನೆಯ ಖಾಲಿ ಹಾಳೆಯಲ್ಲಿ ಒಂದು ಕೋಳಿಯ ಚಿತ್ರವಿದೆ. ನೀಲಿ ಬಣ್ಣದ್ದು, ಮೂರು ಕಾಲಿನದು. ಸಣ್ಣ ಮಗುವಿನ ಕೈ. ಅವನಿಗೆ ಮಗುವಿತ್ತೇ? ಇಷ್ಟಾದರೂ ಹೇಳಿ.

ಜಿನ್ನಪ್ಪ


ನಿಪ್ಪಾಣಿ
20-11-2007

ಜಿನ್ನು,

ಮಾಸ್ತರ ಎಂದು ಬರೆದು ನೋಡಿದೆ, ಆಗಲಿಲ್ಲ. ಹಳೆಯ ಹೆಸರಿನಿಂದಲೇ ಕರೆಯುತ್ತೇನೆ. ಈ ಕಾಗದ ಓದಿದ ಮೇಲೆ ನೀನು ನನ್ನನ್ನು ಏನೆಂದು ಕರೆದರೂ ನಡೆಯುತ್ತದೆ.

ಭರಮು ಹೊಳೆಗೆ ಬೀಳಲಿಲ್ಲ. ಬೀಳಲೆಂದು ಹೋಗಿದ್ದು ನಿಜ. ಅಥಣಿಯಿಂದ ನಾನು ಅವನ ಬೆನ್ನು ಹತ್ತಿದೆ. ದಾರಿಯಲ್ಲಿ ತಪ್ಪಿಸಿಕೊಂಡ. ಬೆಳಗು ಹರಿಯುವ ಹೊತ್ತಿಗೆ ಜುಗೂಳದ ಮೆಟ್ಟಿಲ ಮೇಲೆ ಕೂತಿದ್ದ, ಕಾಲು ನೀರಿನಲ್ಲಿ ಬಿಟ್ಟುಕೊಂಡು. ಪುಸ್ತಕವನ್ನು ತಲೆಗೆ ಕಟ್ಟಿದ ವಸ್ತ್ರದಲ್ಲಿ ಸುತ್ತಿ ದೂರ ಇಟ್ಟಿದ್ದ. ಸಾಯಲು ಹೋದವನು ಪುಸ್ತಕ ಒದ್ದೆಯಾದೀತೆಂದು ಕಾಳಜಿ ಮಾಡಿದ್ದ. ಅದನ್ನು ನೋಡಿಯೇ ನನಗೆ ಧೈರ್ಯ ಬಂತು. ಹತ್ತಿರ ಕೂತೆ.

"ಊರಿಗಿ ಮಾರಿ ಹೆಂಗ ತೋರಸಲಿ ಜಾಫರ?" ಎಂದ.

"ತೋರಸಬ್ಯಾಡ. ಬ್ಯಾರೆ ಕಡೆ ಹೋಗು" ಎಂದೆ.

"ಜಿನ್ನೂಗ ಸಾಲ ಕಾಣತಿತ್ತು. ಅಂವ ಸುಮ್ಮನ ನಿಂತ."

ನನಗೂ ಗೊತ್ತಿತ್ತು, ಜಿನ್ನು. ನಾನು ಎದುರಿನ ವಿಂಗಿನಲ್ಲಿ ಸೂಜಿದಾರ ಹಿಡಿದು ನಿಂತಿದ್ದೆ. ನಿನ್ನ ಬೆರಳು ಆ ಸಾಲಿನ ಮೇಲಿತ್ತು.

ನಿಲುವಂಗಿ, ಚಪ್ಪಲಿಗಳನ್ನು ಮೆಟ್ಟಿಲ ಮೇಲೆ ಇಟ್ಟವನು ನಾನು. ನನ್ನ ಅಂಗಿ ಅವನಿಗೆ ತೊಡಿಸಿದೆ. ಸತ್ತ ಎನ್ನುವ ಸುದ್ದಿ ಹುಟ್ಟಲಿ, ಜಿನ್ನು ಅದನ್ನು ಹೊತ್ತುಕೊಂಡು ತಿರುಗಲಿ ಎಂದು ಯೋಚನೆ ಮಾಡಿದವನೂ ನಾನೇ. ಅವನು ಹೂಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ. ನಾವೆಯಲ್ಲಿ ಕೂಡ್ರಿಸಿ ಖಿದ್ರಾಪುರದ ದಂಡೆಗೆ ದಾಟಿಸಿದೆ. ಅಲ್ಲಿಂದ ಗಡಿಂಗ್ಲಜಕ್ಕೆ ಹೋದ. ಅಲ್ಲಿ ನಮ್ಮ ಮಾವನ ಪರಿಚಯದ ವಖಾರಿಯಲ್ಲಿ, ತಂಬಾಕಿನ ಗೋದಾಮಿನಲ್ಲಿ, ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಮದುವೆಯಾದ. ಹೆಂಡತಿ ಸುಂದರಾ, ಮಗಳು ಉಜ್ವಲಾ. ಕೆಲಸಗಾರರನ್ನು ಕಟ್ಟಿಕೊಂಡು ವರ್ಷಕ್ಕೊಂದು ನಾಟಕ ಆಡಿಸುತ್ತಿದ್ದ. ಅದೇ ಪುಸ್ತಕದಿಂದ. ಅದೇ ಪಾತ್ರ ಮಾಡುತ್ತಿದ್ದ.

ಇನ್ನೊಂದು ಇದೆ. ಇದನ್ನು ಬರೆಯಲಾರದೆ ಎರಡು ತಿಂಗಳು ಕಳೆದೆ.

ಅವನ ಅವ್ವ ಶೇವಂತವ್ವ ಅನ್ನ ಬಿಟ್ಟಿದ್ದಳು. ನಾಲ್ಕನೆಯ ದಿನ ಹೋಗಿ ಅವಳ ಕಿವಿಯಲ್ಲಿ ಹೇಳಿಬಿಟ್ಟೆ. ಅಂದರೆ ಅವಳಿಗೆ ಮೊದಲಿನಿಂದ ಗೊತ್ತಿತ್ತು. ಆಗಲೇ ನೀನು ಅವಳ ಮನೆಗೆ ಬರಲು ಶುರುಮಾಡಿದ್ದೆ. ಜೋಳ ತಂದುಹಾಕುತ್ತಿದ್ದೆ, ಮಾಳಿಗೆಗೆ ಮಣ್ಣು ಹಾಕಿಸುತ್ತಿದ್ದೆ. ಎರಡು ವರ್ಷದ ಮೇಲೆ ನನ್ನ ಸಿಟ್ಟು ಇಳಿಯಿತು. "ಅವ್ವಾ, ಜಿನ್ನೂಗ ಹೇಳಿಬಿಡತೇನಿ" ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಬ್ಯಾಡೋ ಯಪ್ಪಾ. ಗೊತ್ತಾದ್ರ ಅಂವ ಬರೂದ ಬಿಡತಾನ. ಒಬ್ಬ ಮಗ ದೂರ ಅದಾನ. ಇರೂ ಮಗನ್ನೂ ಯಾಕ ಕಳಕೊಳ್ಳಲಿ?"

ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರರ ಹತ್ತಿರ ಎಂದು ಅವಳು ನಿಪ್ಪಾಣಿಗೆ ಬರುತ್ತಿದ್ದಳಲ್ಲ, ನಮ್ಮ ಮನೆಗೆ ಬರುತ್ತಿದ್ದಳು. ಭರಮು ಅಲ್ಲಿಗೆ ಬರುತ್ತಿದ್ದ. ನನ್ನ ಹೆಂಡತಿ ದಿಲಶಾದಬಿ ಇಬ್ಬರಿಗೂ ಊಟಕ್ಕೆ ಬಡಿಸುತ್ತಿದ್ದಳು. ಗಡಿಂಗ್ಲಜಕ್ಕೆ ಬಾ ಎಂದು ಮಗ ಕರೆದರೆ, "ಅಲ್ಲಿ ನನಗ ಹೊಳಿ ಕಾಣೂದಿಲ್ಲ" ಎನ್ನುತ್ತಿದ್ದಳು.

ಭರಮು ಈ ಫೆಬ್ರುವರಿಯಲ್ಲಿ ತೀರಿಕೊಂಡ. ಎದೆನೋವು, ಒಂದೇ ದಿನ. ಮಗಳು ಚಿಕ್ಕೋಡಿಯಲ್ಲಿ ನರ್ಸು. ತಾಯಿಯನ್ನು ತನ್ನಲ್ಲಿಗೆ ಕರೆತರುವಾಗ ಮನೆ ಖಾಲಿಮಾಡಿ ಹಳೆಯ ಕಾಗದವೆಂದು ಒಂದಿಷ್ಟು ರದ್ದಿಯವನಿಗೆ ಕೊಟ್ಟುಬಿಟ್ಟಿದ್ದಾಳೆ. ಅದರಲ್ಲಿ ಸಂಪುಟವೂ ಹೋಗಿರಬೇಕು. ನನ್ನ ಅಂಗಡಿಯಿಂದ ಮುನ್ನೂರು ಹೆಜ್ಜೆಯ ಮೇಲೆ ಅದು ಬಿದ್ದಿತ್ತು. ಅದನ್ನು ನೀನು ಕಂಡೆ, ನಾನು ಕಾಣಲಿಲ್ಲ.

ಜಾಫರ


ಶೇಡಬಾಳ
16-12-2007

ಜಾಫರ,

ನಿನ್ನ ಕಾಗದ ಓದಿ ಜುಗೂಳಕ್ಕೆ ಹೋದೆ. ಮೆಟ್ಟಿಲ ಮೇಲೆ ಕೂತು ಬಂದೆ. ಇಷ್ಟು ದಿನ ಬರೆಯಲಿಲ್ಲ, ಏಕೆಂದರೆ ಬರೆದದ್ದನ್ನೆಲ್ಲ ಹರಿದುಹಾಕಬೇಕಾಯಿತು. ಅಂಥ ಮಾತುಗಳು ಬರುತ್ತಿದ್ದವು.

ಹದಿಮೂರು ವರ್ಷ, ಜಾಫರ. ಪ್ರತಿ ಸಲವೂ ಅವಳನ್ನು ನಿಪ್ಪಾಣಿಯ ಬಸ್ಸಿಗೆ ಹತ್ತಿಸಿದವನು ನಾನು. ಕಿಟಕಿಯ ಹತ್ತಿರ ಕೂಡ್ರಿಸಿ, ಕಂಡಕ್ಟರನಿಗೆ ಹೇಳಿ ಬರುತ್ತಿದ್ದೆ. ತಿರುಗಿ ಬಂದಾಗ ಅವಳ ಮುಖ ತೊಳೆದ ಹಾಗಿರುತ್ತಿತ್ತು. ಡಾಕ್ಟರು ಒಳ್ಳೆಯವರು ಎಂದುಕೊಳ್ಳುತ್ತಿದ್ದೆ.

ಅವಳೆದುರು ಕೂತಾಗಲೆಲ್ಲ ತಪ್ಪು ಒಪ್ಪಿಕೊಳ್ಳಬೇಕೆಂದು ಬಾಯಿ ತೆರೆಯುತ್ತಿದ್ದೆ. "ಅವ್ವಾ, ಅವತ್ತ ಅಥಣ್ಯಾಗ ನಾ…" ಅನ್ನುವಷ್ಟರಲ್ಲಿ ಅವಳು ತಾಟು ಮುಂದಿಡುತ್ತಿದ್ದಳು. "ಮೊದಲ ಉಣ್ಣು." ನನಗೆ ನೋವಾಗಬಾರದೆಂದು ತಡೆಯುತ್ತಾಳೆ ಎಂದು ನಾನು ತಿಳಿದಿದ್ದೆ. ನಾನು ಮಾತು ಮುಗಿಸಿದರೆ ತಾನೂ ಹೇಳಬೇಕಾಗುತ್ತದೆ ಎಂದು ತಡೆಯುತ್ತಿದ್ದಳು.

ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಆಗುತ್ತಿಲ್ಲ. ಅವಳಿಗೆ ಕೊನೆಯ ಎಂಟು ದಿನ ನಾನೇ ಗಂಜಿ ಕುಡಿಸಿದ್ದು. 'ಇರೂ ಮಗ' ಎಂದಳೆಂದು ಬರೆದಿದ್ದೀಯಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೋ.

ಆದರೆ ಒಂದು ಕೇಳುತ್ತೇನೆ. 1994ರಲ್ಲಿ ಹೊಳೆದಂಡೆಯಲ್ಲಿ ಅವಳ ಚಿತೆಗೆ ಬೆಂಕಿ ಕೊಟ್ಟವನು ನಾನು. ಜಾತಿಯವರು ಗೊಣಗಿದರು, ಯಾರೂ ಮುಂದೆ ಬರಲಿಲ್ಲ, ನಾನು ಕೊಟ್ಟೆ. ಆಗ ಎದುರಿನ ಖಿದ್ರಾಪುರದ ದಂಡೆಯಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಬಿಳಿ ಅಂಗಿ. ಉರಿ ಆರುವವರೆಗೂ ಅಲುಗಾಡಲಿಲ್ಲ. ನನ್ನ ಕಣ್ಣಿಗೆ ಭರಮು ಕಾಣುವುದು ರೂಢಿಯಾಗಿತ್ತು. ಇದೂ ಅದೇ ಎಂದು ತಲೆ ತಗ್ಗಿಸಿದೆ.

ಅವನೇ ಏನು?

ಜಿನ್ನಪ್ಪ


ನಿಪ್ಪಾಣಿ
13-1-2008

ಜಿನ್ನು,

ಅವನೇ. ಪಕ್ಕದ ಗಿಡದ ಮರೆಯಲ್ಲಿ ನಾನಿದ್ದೆ. "ದಾಟೂಣ ನಡಿ" ಎಂದೆ. "ಸತ್ತಾಂವ ಹೆಂಗ ದಾಟಲಿ? ಅಂವ ಮಾಡಾಕತ್ತಾನಲ್ಲ, ಮಾಡಲಿ" ಎಂದ.

ಇದರೊಳಗೆ ಒಂದು ಕಾಗದವಿದೆ. ನಿನ್ನದು. 1983ರಲ್ಲಿ ಅವನು ನನ್ನ ಕೈಗೆ ಕೊಟ್ಟದ್ದು, ನಿನಗೆ ಮುಟ್ಟಿಸು ಎಂದು. ನಾನು ಮುಟ್ಟಿಸಲಿಲ್ಲ. ಅವ್ವ ಬೇಡವೆಂದಳು, ಅದು ಒಂದು. ಮುಟ್ಟಿಸಿದ್ದರೆ ನಿಲುವಂಗಿ ಇಟ್ಟವರು ಯಾರೆಂದು ನೀನು ಕೇಳುತ್ತಿದ್ದೆ, ಪೊಲೀಸರು ಕೇಳುತ್ತಿದ್ದರು, ಅದು ಇನ್ನೊಂದು. ಆದರೆ ಇವೆರಡೂ ಇರದಿದ್ದರೂ ಕೊಡುತ್ತಿದ್ದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಸಿಟ್ಟು ಇಳಿಯಿತು ಎಂದು ನಿನಗೆ ಬರೆದಿದ್ದೆ, ಪೂರ್ತಿ ಇಳಿದಿರಲಿಲ್ಲ. ಅವನು ನಿನ್ನನ್ನು ಅಷ್ಟು ಬೇಗ ಮಾಫಿ ಮಾಡಿಬಿಟ್ಟದ್ದು ನನಗೆ ಸಹಿಸಲಾಗಲಿಲ್ಲ. ಉತ್ತರ ಬಂತೇ ಎಂದು ಕೇಳುತ್ತಿದ್ದ. ಇಲ್ಲ ಎನ್ನುತ್ತಿದ್ದೆ. ಅದು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಜಾಫರ


(ಜೊತೆಗಿದ್ದ ಕಾಗದ)

ಗಡಿಂಗ್ಲಜ
5-6-1983

ಗೆಳೆಯ ಜಿನ್ನುಗೆ,

ಈ ಕಾಗದ ನೋಡಿ ಅಂಜಬೇಡ. ನಾನು ಬದುಕಿದ್ದೇನೆ, ಉಂಡು ತಿಂದು ಚೆನ್ನಾಗಿದ್ದೇನೆ. ನಿನ್ನನ್ನು ಎರಡು ವರ್ಷ ಅಂಜಿಸಿದ್ದು ತಪ್ಪಾಯಿತು. ಆ ದಿನ ಸಿಟ್ಟಿತ್ತು, ನಾಚಿಕೆಯಿತ್ತು. ಈಗ ಎರಡೂ ಇಲ್ಲ.

ನಾನು ವಿಚಾರ ಮಾಡಿದೆ. ನನ್ನ ಪಾತ್ರ ನಿನಗೆ ಬಂದು, ನಿನ್ನ ಪುಸ್ತಕ ನನ್ನ ಕೈಯಲ್ಲಿದ್ದಿದ್ದರೆ ನಾನು ಏನು ಮಾಡುತ್ತಿದ್ದೆ? ಹೇಳುತ್ತಿದ್ದೆ ಎಂದು ಆಣೆ ಮಾಡಲು ನನಗಾಗಲಿಲ್ಲ.

ಅವ್ವನನ್ನು ನೀನು ನೋಡಿಕೊಳ್ಳುತ್ತಿರುವುದು ಗೊತ್ತಾಗಿದೆ. ಅದರ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ನಾನಾಗಿಯೇ ಊರಿಗೆ ಬರಲು ಕಾಲು ಏಳುತ್ತಿಲ್ಲ. ನೀನು 'ಬಾ' ಎಂದು ಒಂದು ಸಾಲು ಬರೆದರೆ ಬರುತ್ತೇನೆ. ಬೈದು ಬರೆದರೂ ಬರುತ್ತೇನೆ. ಜಾಫರನ ಕೈಯಲ್ಲಿ ಕೊಡು.

ನಿನ್ನ,
ಭರಮು


ಚಿಕ್ಕೋಡಿ
9-3-2008

ಪೂಜ್ಯ ದೊಡ್ಡಪ್ಪನವರಿಗೆ,

ಉಜ್ವಲಾ ಮಾಡುವ ನಮಸ್ಕಾರಗಳು. ನೀವು ರಜಿಸ್ಟರ್ ಮಾಡಿ ಕಳಿಸಿದ ಪುಸ್ತಕ, ಅದರೊಳಗಿನ ನಿಮ್ಮ ಕಾಗದ ಎರಡೂ ತಲುಪಿದವು. ಪುಸ್ತಕ ಕಂಡು ಅವ್ವ ಅತ್ತಳು. ನಾನು ಗೊತ್ತಿಲ್ಲದೆ ಕೊಟ್ಟುಬಿಟ್ಟಿದ್ದೆ, ಆಮೇಲೆ ಹುಡುಕಿದರೆ ಸಿಗಲಿಲ್ಲ. ಕೋಳಿ ಬರೆದವಳು ನಾನೇ. ಮೂರನೆಯದು ಕಾಲಲ್ಲ, ಬಾಲ.

ನೀವು ಯಾರೆಂದು ಪರಿಚಯ ಹೇಳಲು ಎರಡು ಪುಟ ಬರೆದಿದ್ದೀರಿ. ಬೇಕಿರಲಿಲ್ಲ. ಅಪ್ಪ ನಾನು ಸಣ್ಣವಳಿದ್ದಾಗಿನಿಂದ ಹೇಳುತ್ತಿದ್ದರು, "ಶೇಡಬಾಳದಾಗ ನಮ್ಮ ಅಣ್ಣ ಅದಾನ. ಅವ್ವ ಅಂವನ ಕೂಡ ಅದಾಳ" ಎಂದು. ಸ್ವಂತ ಅಣ್ಣನೇ ಎಂದು ನಾನು ಎಷ್ಟೋ ವರ್ಷ ತಿಳಿದಿದ್ದೆ. ಅಡ್ಡಹೆಸರು ಬೇರೆ, ಜಾತಿ ಬೇರೆ ಎಂದು ದೊಡ್ಡವಳಾದ ಮೇಲೆ ಹೊಳೆಯಿತು. ಕೇಳಿದರೆ ಅಪ್ಪ ನಕ್ಕುಬಿಟ್ಟರು. ಅದಕ್ಕೇ ದೊಡ್ಡಪ್ಪ ಎಂದು ಬರೆದಿದ್ದೇನೆ. ತಪ್ಪು ತಿಳಿಯಬೇಡಿ.

ಒಂದು ಮಾತು ಕೇಳಬೇಕು. ಜಾಫರ ಮಾಮಾನ ಮನೆಯಲ್ಲಿ ಅಜ್ಜಿ ಸಿಕ್ಕಾಗಲೆಲ್ಲ ಅಪ್ಪ ಕೇಳುತ್ತಿದ್ದರು: "ಜಿನ್ನು ಏನರ ಅಂದಾನೇನ ಬೇ?" ಅಜ್ಜಿ "ಏನೂ ಅಂದಿಲ್ಲಪ್ಪ" ಎನ್ನುತ್ತಿದ್ದಳು. ನಿಮಗೆ ಒಂದು ಕಾಗದ ಬರೆದಿದ್ದೆ, ಉತ್ತರ ಬರಲಿಲ್ಲ ಎಂದು ಅಪ್ಪ ಅವ್ವನ ಹತ್ತಿರ ಹೇಳಿದ್ದರಂತೆ. ಆಸ್ಪತ್ರೆಗೆ ಸೇರಿಸಿದ ದಿನವೂ "ಟಪಾಲ ಬಂದೈತೇನ ನೋಡು" ಎಂದರು. ಯಾವ ಟಪಾಲು ಎಂದು ಆಗ ನನಗೆ ತಿಳಿಯಲಿಲ್ಲ.

ಅಜ್ಜಿಯನ್ನು ಅಷ್ಟು ಪ್ರೀತಿಯಿಂದ ನೋಡಿಕೊಂಡವರು ಅಪ್ಪನಿಗೆ ಒಂದು ಸಾಲು ಯಾಕೆ ಬರೆಯಲಿಲ್ಲ? ಸಿಟ್ಟಿನಿಂದ ಕೇಳುತ್ತಿಲ್ಲ. ತಿಳಿಯದಿದ್ದರೆ ಮನಸ್ಸು ನಿಲ್ಲುವುದಿಲ್ಲ.

ಒಮ್ಮೆ ಮನೆಗೆ ಬನ್ನಿ. ಅವ್ವ ದಾರಿ ನೋಡುತ್ತಾಳೆ.

ನಿಮ್ಮ ಮಗಳು,
ಉಜ್ವಲಾ


ಶೇಡಬಾಳ
20-4-2008

ಜಾಫರ,

ಜನವರಿಯ ನಿನ್ನ ಕಾಗದಕ್ಕೆ ಈಗ ಉತ್ತರ. ನಡುವೆ ನೀನು ಸಾದಿಕನನ್ನು ಕಳಿಸಿದ್ದೆ. ಅವನ ಎದುರು ಬಾಗಿಲು ಹಾಕಿದೆ. ಹುಡುಗನ ತಪ್ಪೇನೂ ಇರಲಿಲ್ಲ, ಅವನಿಗೆ ಹೇಳು.

ಹೋದ ಭಾನುವಾರ ಚಿಕ್ಕೋಡಿಗೆ ಹೋಗಿದ್ದೆ. ಸುಂದರಾ ಹೋಳಿಗೆ ಮಾಡಿದ್ದಳು. ಉಣ್ಣುವವರೆಗೆ ಯಾರೂ ಏನೂ ಕೇಳಲಿಲ್ಲ. ಆಮೇಲೆ ಉಜ್ವಲಾ ಕಾಗದದಲ್ಲಿ ಕೇಳಿದ್ದನ್ನೇ ಮತ್ತೆ ಕೇಳಿದಳು. ಉತ್ತರ ಹೇಳುವಾಗ ಅವಳ ಮಗು ನನ್ನ ಮುಂದೆ ಆಡುತ್ತಿತ್ತು. ಅದು ತೊಟ್ಟ ಫ್ರಾಕು ನೀನು ಹೊಲಿದದ್ದಂತೆ. ಗೋಡೆಯ ಮೇಲೆ ಉಜ್ವಲಾಳ ಮದುವೆಯ ಫೋಟೋ ಇತ್ತು. ಅದರಲ್ಲಿ ನೀನು ಅಕ್ಕಿಕಾಳು ಹಿಡಿದು ನಿಂತಿದ್ದೆ.

ಕಾಗದ ಬಂದಿತ್ತು, ನಾನೇ ಉತ್ತರ ಬರೆಯಲಿಲ್ಲ ಎಂದೆ. ಸತ್ತನೆಂದು ಸುಳ್ಳು ಹೇಳಿದ್ದಕ್ಕೆ ಸಿಟ್ಟಿತ್ತು, ನಾಳೆ ಬರೆದರಾಯಿತು ಎನ್ನುತ್ತ ಉಳಿದುಹೋಯಿತು ಎಂದೆ. ಅವಳು ಒಳಗೆ ಹೋಗಿ ಚಹಾ ತಂದಳು. ಆದರೆ ಮತ್ತೆ ದೊಡ್ಡಪ್ಪ ಎನ್ನಲಿಲ್ಲ, "ನೀವು" ಎಂದಷ್ಟೇ ಮಾತಾಡಿದಳು. ಅವಳಿಗೆ ನೀನು ಮಾಮಾ. ಆ ಮನೆಗೆ ಇಷ್ಟು ವರ್ಷ ಹೋಗಿ ಬಂದವನು ನೀನು, ನಾನಲ್ಲ. ಹೋಗುತ್ತಿರು. ನೀನು ಅವಳಿಗೆ ಬೇರೆ ಏನೂ ಹೇಳಬೇಡ. ಹೇಳಿದರೆ ನಿನ್ನ ಎದೆ ಹಗುರಾಗುತ್ತದೆ, ಅವಳ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಹೊರಡುವಾಗ ಸುಂದರಾ ಒಳಗಿನ ಕೋಣೆಗೆ ಕರೆದಳು. ಮಾಲೆ ಹಾಕಿದ ಫೋಟೋ. ನರೆತ ಮೀಸೆ, ದಪ್ಪ ಚಷ್ಮಾ, ಕತ್ತು ಸ್ವಲ್ಪ ಒಂದು ಬದಿಗೆ. ಯಾರೆಂದು ಕೇಳಲಿದ್ದೆ. ಬಾಯಿಗೆ ಬಂದ ಮಾತು ನುಂಗಿದೆ. ಇಷ್ಟು ವರ್ಷ ನನ್ನ ಬಾಗಿಲಲ್ಲಿ ಬಂದು ನಿಂತವನು ಮೂವತ್ತೊಂದರ ಹುಡುಗ. ಅವನನ್ನು ಅಂಜುತ್ತ ಅಂಜುತ್ತ ನಾನು ಮುದುಕನಾದೆ. ಅವನೂ ನನ್ನ ಹಾಗೆಯೇ ಎಲ್ಲೋ ಮುದುಕನಾಗುತ್ತಿದ್ದ. ಈ ಮುಖದವನು ದಾರಿಯಲ್ಲಿ ಎದುರಾಗಿದ್ದರೆ ನಾನು ಗುರುತಿಸುತ್ತಿರಲಿಲ್ಲ.

ಸುಂದರಾ ಕೇಳಿದಳು: "ಸಣ್ಣವರಿದ್ದಾಗ ಹೆಂಗಿದ್ರರಿ ಅವರು? ಹುಡುಗತನದ್ದ ಏನೂ ಹೇಳತಿದ್ದಿಲ್ಲರಿ ನಮಗ." ಬಸ್ಸಿನ ಹೊತ್ತಾಗುವವರೆಗೆ ಹೇಳಿದೆ. ಉಜ್ವಲಾ ಬಾಗಿಲಲ್ಲಿ ನಿಂತು ಕೇಳಿದಳು. ಮೂವತ್ತೊಂದರ ತನಕದ ಭರಮು ನನಗೆ ಗೊತ್ತು. ಅಲ್ಲಿಂದ ಮುಂದೆ ನನ್ನಲ್ಲಿ ಏನೂ ಇಲ್ಲ.

ಅದು ನಿನ್ನ ಹತ್ತಿರ ಇದೆ. ಅದಕ್ಕಾಗಿ ಬರೆಯುತ್ತಿದ್ದೇನೆ. ಒಂದು ದಿನ ಶೇಡಬಾಳಕ್ಕೆ ಬಾ. ಮಾಫಿಯ ಮಾತು ತೆಗೆಯಬೇಡ. ನಾನು ಮಾಡಿಲ್ಲ, ಮಾಡುತ್ತೇನೋ ಇಲ್ಲವೋ ನನಗೂ ಗೊತ್ತಿಲ್ಲ. ಪಡಸಾಲೆಯಲ್ಲಿ ಕೂತು, ಐವತ್ತು ದಾಟಿದ ಮೇಲೆ ಅವನು ಹೇಗೆ ನಡೆಯುತ್ತಿದ್ದ, ಯಾವುದಕ್ಕೆ ನಗುತ್ತಿದ್ದ ಎಂದು ಹೇಳು. ಕತ್ತು ಯಾಕೆ ಒಂದು ಬದಿಗೆ ವಾಲಿತ್ತು, ಅದನ್ನೂ ಹೇಳು.

ಜಿನ್ನು